ಏಳು ಕಾಯಿಲ್ ವೈರ್ ಎಲ್ಲಿ ಹೋಯ್ತು? ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟಾಕ್ ತಾಳೆ ಹಾಕುವ ಕೆಲಸ

2019ರ ಮಾರ್ಚ್ 31, ಭಾನುವಾರ. ಅಂಗಡಿ ಶಟರ್ ಅರ್ಧ ಎಳೆದು ವರ್ಷದ ಸ್ಟಾಕ್ ಎಣಿಸುತ್ತಿದ್ದೆವು. ಒಂದೂವರೆ ಸ್ಕ್ವೇರ್ ಎಂಎಂ ಕೆಂಪು ವೈರ್ ಕಂಪ್ಯೂಟರ್‌ನಲ್ಲಿ 38 ಕಾಯಿಲ್ ಇತ್ತು. ರ‍್ಯಾಕಿನಲ್ಲಿ ಇದ್ದದ್ದು 31. ಮೂರು ಸಲ ಎಣಿಸಿದೆವು. ಮೂರು ಸಲವೂ 31.

ವೈರ್ ಕತ್ತರಿಸಿ ಕೊಡುತ್ತಿದ್ದ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಅಕ್ಕ, ನಾನು ತಗೊಂಡಿಲ್ಲ" ಅಂದ. ನಾನು ಮತ್ತೆ ಏನೂ ಹೇಳಲಿಲ್ಲ, ಆದರೆ ನಂಬಲೂ ಇಲ್ಲ. ಅದು ಮುಖದಲ್ಲಿ ಕಂಡಿರಬೇಕು. ಮುಂದಿನ ವಾರದಿಂದ ಅವನು ಕೆಲಸಕ್ಕೆ ಬರಲಿಲ್ಲ.

ಜುಲೈನಲ್ಲಿ ಬೇರೆ ಏನೋ ಹುಡುಕುವಾಗ ಸಿಕ್ಕಿತು. ನಾವು ವೈರ್ ಕೊಳ್ಳುವುದು ಕಾಯಿಲ್ ಲೆಕ್ಕದಲ್ಲಿ, ಬಿಡಿಯಾಗಿ ಮಾರುವುದು ಮೀಟರ್ ಲೆಕ್ಕದಲ್ಲಿ. ಮನೆ ವೈರಿಂಗ್‌ನ ಕಾಯಿಲ್ ಅಂದರೆ 90 ಮೀಟರ್. ಕಂಪ್ಯೂಟರ್‌ನಲ್ಲಿ ಒಂದು ಕಾಯಿಲ್ ಅಂದರೆ 100 ಮೀಟರ್ ಅಂತ ಹಾಕಿತ್ತು. ಅಂದರೆ ಹುಡುಗ ಒಂದು ಕಾಯಿಲ್ ಪೂರ್ತಿ ಕತ್ತರಿಸಿ ಮಾರಿದರೂ, ಇನ್ನೂ 10 ಮೀಟರ್ ಉಳಿದಿದೆ ಅಂತ ಅದು ನಂಬಿಕೊಂಡಿರುತ್ತಿತ್ತು. ಆ ವರ್ಷ ಬಿಡಿಯಾಗಿ ಹೋಗಿದ್ದು ಹೆಚ್ಚುಕಡಿಮೆ 70 ಕಾಯಿಲ್. ಎಪ್ಪತ್ತು ಹತ್ತಲಿ 700 ಮೀಟರ್. ಕಂಪ್ಯೂಟರ್ ಲೆಕ್ಕದಲ್ಲಿ ಅದೇ ಏಳು ಕಾಯಿಲ್.

ಆ 100 ಅನ್ನು ಟೈಪ್ ಮಾಡಿದ್ದು ನಾನೇ. ಆ ಹುಡುಗನ ಮನೆಗೆ ಹೋಗಿ ಹೇಳಿ ಬಂದೆ. ಕೇಳಿಸಿಕೊಂಡ, ಕಾಫಿ ಕೊಡಿಸಿದ, ವಾಪಸ್ ಮಾತ್ರ ಬರಲಿಲ್ಲ.

ನಮ್ಮದು ತಿಪಟೂರಿನಲ್ಲಿ, ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ, ನಮ್ಮ ಮಾವನವರು ಶುರು ಮಾಡಿದ ಹಾರ್ಡ್‌ವೇರ್ ಅಂಗಡಿ. ಸುಮಾರು 2,400 ಐಟಂ. ಮೊಳೆಯಿಂದ ಹಿಡಿದು ಮೋಟರ್‌ವರೆಗೆ. ಆ ಏಳು ಕಾಯಿಲ್ ಆದ ಮೇಲೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಿರಾಣಿಯವರಿಗೂ ಬೈಕ್ ಸ್ಪೇರ್ ಪಾರ್ಟ್ಸ್‌ನವರಿಗೂ ಇದರಲ್ಲಿ ಅರ್ಧ ಆದರೂ ಹೊಂದುತ್ತದೆ.

ಮೊದಲು ಅಳತೆ, ಆಮೇಲೆ ಎಣಿಕೆ

ಸ್ಟಾಕ್ ಸರಿಯಿಲ್ಲ ಅಂದ ಕೂಡಲೇ ಎಲ್ಲರೂ ಎಣಿಸಲು ಓಡುತ್ತಾರೆ. ಬೇಡ. ಮೊದಲು ಕಂಪ್ಯೂಟರ್ ಮುಂದೆ ಕೂತು, ಕೊಳ್ಳುವ ಅಳತೆ ಒಂದು, ಮಾರುವ ಅಳತೆ ಇನ್ನೊಂದು ಇರುವ ಐಟಂಗಳನ್ನೆಲ್ಲ ಪಟ್ಟಿ ಮಾಡಿ. ನಮ್ಮಲ್ಲಿ ಹಾಗೆ 200ಕ್ಕೂ ಜಾಸ್ತಿ ಸಿಕ್ಕವು. ವೈರ್ ಕಾಯಿಲ್‌ನಲ್ಲಿ ಬಂದು ಮೀಟರ್‌ನಲ್ಲಿ ಹೋಗುತ್ತದೆ. ಮೊಳೆ ಚೀಲದಲ್ಲಿ ಬಂದು ಕೆಜಿಯಲ್ಲಿ ಹೋಗುತ್ತದೆ. ಸ್ಕ್ರೂ ಗ್ರೋಸ್ ಲೆಕ್ಕದಲ್ಲಿ ಬರುತ್ತದೆ, ಅಂದರೆ 144. ಗಿರಾಕಿ ಕೇಳುವುದು ಡಜನ್, ಇಲ್ಲ ಅಂದರೆ "ಒಂದು ಹತ್ತು ಕೊಡಿ". ನಮ್ಮ ಬಿಲ್ಲಿಂಗ್ ಹುಡುಗಿ ಸ್ಕ್ರೂ ಬಾಕ್ಸನ್ನು 100 ಅಂತಲೇ ತಿಳಿದಿದ್ದಳು. ಅವಳ ತಪ್ಪಲ್ಲ, ಬಾಕ್ಸ್ ಮೇಲೆ ಇಂಗ್ಲಿಷ್‌ನಲ್ಲಿ ಸಣ್ಣದಾಗಿ ಏನೋ ಇತ್ತು, ಯಾರೂ ಹೇಳಿಕೊಟ್ಟಿರಲಿಲ್ಲ.

ಕಂಬಿಯ ಕಥೆ ಇನ್ನೂ ಸ್ವಾರಸ್ಯ. ಕೊಳ್ಳುವುದು ಟನ್ನಿನಲ್ಲಿ, ಗಿರಾಕಿ ಕೇಳುವುದು ಉದ್ದ ಲೆಕ್ಕದಲ್ಲಿ: "8 ಎಂಎಂ 20 ಉದ್ದ ಹಾಕಿ." ಕಂಬಿ ತೂಕಕ್ಕೆ ಒಂದು ಸೂತ್ರ ಇದೆ. ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್‌ನ ಕೆಜಿ. 8 ಎಂಎಂಗೆ 64 ಭಾಗ 162, ಅಂದರೆ 0.395. ಉದ್ದ 12 ಮೀಟರ್ ಆದರೆ ಒಂದು ಕಂಬಿ 4.74 ಕೆಜಿ. ಹಾಗೆ ನೋಡಿದರೆ ಒಂದು ಟನ್ನಿಗೆ 211 ಕಂಬಿ ಬರಬೇಕು. ಆದರೆ ಕಂಬಿಗೆ ಇರುವ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ 10 ಎಂಎಂವರೆಗಿನ ಕಂಬಿಯ ತೂಕ ಶೇ. 7ರಷ್ಟು ಆ ಕಡೆ ಈ ಕಡೆ ಇರಬಹುದು. ಬಂದ ಲೋಡ್ ಶೇ. 4ರಷ್ಟು ಭಾರ ಇದ್ದರೆ ಟನ್ನಿಗೆ ಸಿಗುವುದು 203ರಷ್ಟೇ. ಎಂಟು ಕಂಬಿ ಪುಸ್ತಕದಲ್ಲಿ ಮಾತ್ರ ಇರುತ್ತವೆ. ಯಾರೂ ಕದ್ದಿಲ್ಲ, ಯಾರೂ ಬಿಲ್ ಮರೆತಿಲ್ಲ.

ಅದಕ್ಕೆ ನಾವೀಗ ಕಂಬಿಯ ಸ್ಟಾಕನ್ನು ಕೆಜಿಯಲ್ಲೇ ಇಡುತ್ತೇವೆ, ಕೆಜಿಯಲ್ಲೇ ಬಿಲ್ ಹಾಕುತ್ತೇವೆ. ಗಿರಾಕಿಗೆ ಉದ್ದ ಲೆಕ್ಕ ಬೇಕಾದರೆ ಚೀಟಿಯಲ್ಲಿ ಪಕ್ಕಕ್ಕೆ ಬರೆದುಕೊಡುತ್ತೇವೆ. ಲಾರಿ ಬಂದಾಗ ವೇಬ್ರಿಡ್ಜ್ ಚೀಟಿ ನೋಡುವುದರ ಜೊತೆಗೆ ಕಂಬಿಗಳನ್ನೂ ಎಣಿಸಿ, ಆ ಲೋಡಿನಲ್ಲಿ ಒಂದು ಕಂಬಿ ಎಷ್ಟು ತೂಗುತ್ತದೆ ಅಂತ ಗೋಡೆಯ ಬೋರ್ಡಿನಲ್ಲಿ ಬರೆಯುತ್ತೇವೆ. ಎರಡು ನಿಮಿಷದ ಕೆಲಸ.

ಒಂದು ವಸ್ತುವಿಗೆ ಒಂದೇ ಹೆಸರು

ಪೈಪ್ ವ್ಯಾಪಾರದವರಿಗೆ ಇದು ಗೊತ್ತು, ಹೊಸಬರಿಗೆ ಹೇಳುತ್ತೇನೆ. ತೋಟಕ್ಕೆ ಹಾಕುವ ಪಿವಿಸಿ ಪೈಪಿನಲ್ಲಿ 50 ಎಂಎಂ ಅಂದರೆ ಒಂದೂವರೆ ಇಂಚು. ಎರಡಿಂಚು ಬೇಕಾದರೆ 63 ಎಂಎಂ ಕೇಳಬೇಕು. ಅಲ್ಲಿ ಹೇಳುವುದು ಪೈಪಿನ ಹೊರಗಿನ ಅಳತೆ. ಮನೆಗೆ ಹಾಕುವ ಸಿಪಿವಿಸಿಯಲ್ಲಿ 50 ಎಂಎಂ ಅಂದರೇನೇ ಎರಡಿಂಚು. ಹಾಗೆಯೇ 20 ಎಂಎಂ ಅಂದರೆ ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಮುಕ್ಕಾಲು. ಕಂಪನಿ ಬಿಲ್ಲಿನಲ್ಲಿ ಎಂಎಂ, ಪ್ಲಂಬರ್ ಬಾಯಲ್ಲಿ ಇಂಚು, ನಮ್ಮ ಹುಡುಗರ ಬಾಯಲ್ಲಿ "ಆ ಸಣ್ದು". ಹೀಗಾಗಿ ಒಂದೇ ಎಲ್ಬೋ (ಪೈಪ್ ತಿರುಗಿಸುವ ಮೂಲೆಗೆ ಹಾಕುವ ಜೋಡಣೆ) ನಮ್ಮ ಕಂಪ್ಯೂಟರ್‌ನಲ್ಲಿ ನಾಲ್ಕು ಹೆಸರಲ್ಲಿ ಕೂತಿತ್ತು. ಒಂದರಲ್ಲಿ 140 ಇದೆ ಅಂತ ತೋರಿಸುತ್ತಿತ್ತು, ಇನ್ನೊಂದರಲ್ಲಿ ಮೈನಸ್ 96.

ಮೈನಸ್ ಸ್ಟಾಕ್ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ತಪ್ಪು ಎಲ್ಲಿದೆ ಅಂತ ಅದು ಪುಕ್ಕಟೆ ತೋರಿಸಿಕೊಡುತ್ತದೆ. ಮೊದಲ ದಿನ ಮೈನಸ್ ಇರುವ ಐಟಂಗಳ ಪಟ್ಟಿ ತೆಗೆದರೆ ಸಾಕು, ಡಬಲ್ ಹೆಸರುಗಳು ಅರ್ಧದಷ್ಟು ಅಲ್ಲೇ ಸಿಕ್ಕಿಬೀಳುತ್ತವೆ. ಅವನ್ನು ಒಂದು ಮಾಡಿ. ಹೆಸರು ಯಾವಾಗಲೂ ಒಂದೇ ಕ್ರಮದಲ್ಲಿರಲಿ: ಮೊದಲು ವಸ್ತು, ಆಮೇಲೆ ಜಾತಿ, ಆಮೇಲೆ ಅಳತೆ, ಕೊನೆಗೆ ಕಂಪನಿ. "ಎಲ್ಬೋ, ಸಿಪಿವಿಸಿ, ಅರ್ಧ ಇಂಚು" ಅಂತ. ಹೊಸ ಐಟಂ ಸೇರಿಸುವ ಅಧಿಕಾರ ಒಬ್ಬರಿಗೇ ಇರಲಿ. ನಮ್ಮಲ್ಲಿ ಅದು ನಾನು. ಗಿರಾಕಿ ಮುಂದೆ ನಿಂತಿದ್ದಾನೆ ಅಂತ ಅವಸರಕ್ಕೆ ಹೊಸ ಹೆಸರು ಹುಟ್ಟಿಸಿಬಿಟ್ಟರೆ ಮತ್ತೆ ಅದೇ ಕಥೆ.

ಡಬ್ಬಗಳ ಮೇಲಿನ ಲೇಬಲ್‌ಗಳನ್ನು ನಾನು ಕನ್ನಡದಲ್ಲಿ ಬರೆಸಿದೆ, ಪಕ್ಕದಲ್ಲಿ ಒಂದು ಮಾದರಿ ವಸ್ತುವನ್ನೇ ತಂತಿಯಲ್ಲಿ ಕಟ್ಟಿಸಿದೆ. ಓದು ಬಾರದ ಹಮಾಲಿಯೂ ಎಲ್ಬೋ ಇರುವ ಡಬ್ಬಕ್ಕೇ ಎಲ್ಬೋ ಹಾಕುತ್ತಾನೆ. ಖರ್ಚಾದದ್ದು ಸ್ಕೆಚ್ ಪೆನ್ನು, ರಟ್ಟು, ಒಂದು ಭಾನುವಾರ.

ಮಾಲು ಒಳಗೆ ಬರುವಾಗ

ಲಾರಿ ಬರುವುದು ಬೆಳಿಗ್ಗೆ ಆರಕ್ಕೆ, ಇಲ್ಲ ಅಂದರೆ ಕೊಬ್ಬರಿ ಹರಾಜಿನ ದಿನ ಅಂಗಡಿ ತುಂಬಾ ಜನ ಇರುವಾಗ. ಡ್ರೈವರ್‌ಗೆ ಅವಸರ, ಹಮಾಲಿಗಳಿಗೆ ಅವಸರ. ಬಿಲ್ ಕೈಗೆ ಕೊಟ್ಟು "ಸೈನ್ ಹಾಕಿ ಅಕ್ಕ" ಅಂತಾರೆ. ಬಿಲ್ ನೋಡಿಕೊಂಡು ಎಣಿಸಿದರೆ ಬಿಲ್ಲಿನಲ್ಲಿ ಇದ್ದಷ್ಟೇ ಕಾಣಿಸುತ್ತದೆ. 24 ಅಂತ ಬರೆದಿದ್ದರೆ ಕಣ್ಣು 24 ಎಣಿಸಿಬಿಡುತ್ತದೆ.

ಅದಕ್ಕೆ ಬಿಲ್ ಹುಡುಗರ ಕೈಗೆ ಕೊಡಬೇಡಿ. ಐಟಂ ಹೆಸರು ಮಾತ್ರ ಬರೆದ ಖಾಲಿ ಹಾಳೆ ಕೊಡಿ. ಅವರು ಎಣಿಸಿ ಸಂಖ್ಯೆ ತುಂಬಲಿ. ಆಮೇಲೆ ನೀವು ಬಿಲ್ ಜೊತೆ ಹೋಲಿಸಿ. ವ್ಯತ್ಯಾಸ ಬಂದರೆ ಡ್ರೈವರ್ ಇನ್ನೂ ಅಲ್ಲೇ ಇರುತ್ತಾನೆ, ಅವನ ಎದುರೇ ಚಲನ್ ಮೇಲೆ ಬರೆದು ಅವನ ಸೈನೂ ಹಾಕಿಸಿ. ಸಂಜೆ ಫೋನ್ ಮಾಡಿ "ಎರಡು ಬಾಕ್ಸ್ ಕಮ್ಮಿ ಬಂದಿದೆ" ಅಂದರೆ ಯಾವ ಡೀಲರೂ ಒಪ್ಪಲ್ಲ. ಒಪ್ಪಬೇಕಾಗಿಯೂ ಇಲ್ಲ, ಅಲ್ವಾ?

ಸ್ಕೀಮ್ ಮಾಲನ್ನು ಮರೆಯಬೇಡಿ. ಹತ್ತಕ್ಕೆ ಒಂದು ಫ್ರೀ ಅಂತ ಬಂದದ್ದನ್ನು ಬಿಲ್ಲಿನಲ್ಲಿ ದುಡ್ಡಿಲ್ಲ ಅಂತ ಎಂಟ್ರಿ ಮಾಡದೆ ಬಿಡುತ್ತಾರೆ. ರ‍್ಯಾಕಿನಲ್ಲಿ ಹನ್ನೊಂದು, ಪುಸ್ತಕದಲ್ಲಿ ಹತ್ತು. ಹೆಚ್ಚಿಗೆ ಇದೆ ಅಂತ ಖುಷಿಪಡುವುದಲ್ಲ. ಆ ಹೆಚ್ಚಿನದು ಇನ್ನೊಂದು ಕಡೆಯ ಕಮ್ಮಿಯನ್ನು ಮುಚ್ಚಿಹಾಕುತ್ತದೆ.

ವಾಪಸ್ ಬುಟ್ಟಿ

ಇದು ನಮ್ಮ ಅಂಗಡಿಯ ದೊಡ್ಡ ತೂತು. ನಿಮ್ಮದೂ ಇರಬಹುದು.

ಪ್ಲಂಬರ್ ಬರುತ್ತಾನೆ. ಸೈಟಿಗೆ ಎಷ್ಟು ಬೇಕೋ ಅವನಿಗೇ ಗೊತ್ತಿಲ್ಲ. 20 ಎಲ್ಬೋ, 10 ಟೀ (ಮೂರು ಬಾಯಿಯ ಪೈಪ್ ಜೋಡಣೆ), 4 ವಾಲ್ವ್ ತಗೊಂಡು ಹೋಗುತ್ತಾನೆ, ಉದ್ರಿ ಚೀಟಿ. ನಾಲ್ಕು ದಿನ ಬಿಟ್ಟು ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ಕೌಂಟರ್ ಮೇಲೆ ಸುರಿಯುತ್ತಾನೆ. ಆಗ ಯಾರೋ ಹುಡುಗ ಒಳ್ಳೆಯ ಮನಸ್ಸಿನಿಂದ ಅವನ್ನು ಎತ್ತಿ ಡಬ್ಬಕ್ಕೆ ಹಾಕಿಬಿಡುತ್ತಾನೆ. ಕೌಂಟರ್ ಚೊಕ್ಕ ಆಯಿತು, ಲೆಕ್ಕ ಕೆಟ್ಟಿತು. ಇನ್ನೂ ಒಂದು: ಅವನು ತಂದ ಆರು ಎಲ್ಬೋದಲ್ಲಿ ಎರಡು ನಮ್ಮವೇ ಅಲ್ಲ, ಬೇರೆ ಅಂಗಡಿಯವು.

ಈಗ ಕೌಂಟರ್ ಕೆಳಗೆ ಒಂದು ಕೆಂಪು ಪ್ಲಾಸ್ಟಿಕ್ ಬುಟ್ಟಿ ಇದೆ. ವಾಪಸ್ ಬಂದದ್ದು ಯಾವುದೇ ಇರಲಿ, ಅದಕ್ಕೇ ಬೀಳಬೇಕು, ಜೊತೆಗೆ ಅವನ ಚೀಟಿಯ ನಂಬರ್. ಎಂಟ್ರಿ ಆಗುವ ತನಕ ಬುಟ್ಟಿಯಿಂದ ಡಬ್ಬಕ್ಕೆ ಹೋಗುವ ಹಾಗಿಲ್ಲ. ರಾತ್ರಿ ಬಾಗಿಲು ಹಾಕುವ ಮೊದಲು ಬುಟ್ಟಿ ಖಾಲಿ ಆಗಬೇಕು. ಸುಮ್ನೆ ಒಂದು ಬುಟ್ಟಿ. ಆದರೆ ಸಾಫ್ಟ್‌ವೇರ್ ಬದಲಾಯಿಸಿದಾಗ ಆಗದ ಉಪಕಾರ ಅದರಿಂದ ಆಗಿದೆ.

ಇದೇ ಮಾತು ಮನೆಗೆ ತಗೊಂಡು ಹೋಗುವ ಮಾಲಿಗೂ. ನಮ್ಮ ಮಾವನವರು ತೋಟದ ಮೋಟರಿಗೆ ಬೇಕು ಅಂತ ಒಂದು ಸ್ಟಾರ್ಟರ್ ಎತ್ತಿಕೊಂಡು ಹೋಗುತ್ತಿದ್ದರು. "ನಮ್ಮ ಅಂಗಡಿ, ನಮ್ಮ ತೋಟ, ಇದಕ್ಕೂ ಚೀಟಿನಾಮ್ಮ?" ಅಂತಿದ್ದರು. ಹೌದು ಮಾವ, ಇದಕ್ಕೂ. ಮಾಲೀಕರು ಚೀಟಿ ಇಲ್ಲದೆ ಎತ್ತಿದರೆ ಹುಡುಗರಿಗೆ ಚೀಟಿ ಬರೆಯಿರಿ ಅಂತ ಯಾವ ಬಾಯಲ್ಲಿ ಹೇಳುವುದು? ಈಗ ಅವರೇ ಬರೆಯುತ್ತಾರೆ. ಚೀಟಿಯ ಮೇಲೆ ದೊಡ್ಡದಾಗಿ "ಸ್ವಂತಕ್ಕೆ" ಅಂತ. ಅದು ತೆರಿಗೆಗೂ ಬೇಕು. ಸ್ವಂತಕ್ಕೆ ಬಳಸಿದ, ಕಳೆದುಹೋದ, ಹಾಳಾದ, ಪುಕ್ಕಟೆ ಕೊಟ್ಟ ಮಾಲಿನ ಮೇಲೆ, ಕೊಳ್ಳುವಾಗ ಕೊಟ್ಟ ತೆರಿಗೆಗೆ ಅಂತ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು ವಾಪಸ್ ಕಟ್ಟಬೇಕು. ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವವರು ಕಳುವು, ನಷ್ಟ, ಸ್ಯಾಂಪಲ್ ಎಲ್ಲವನ್ನೂ ಸ್ಟಾಕ್ ಲೆಕ್ಕದಲ್ಲಿ ಬೇರೆ ಬೇರೆಯಾಗಿ ತೋರಿಸಬೇಕು ಅಂತ ನಿಯಮವೂ ಇದೆ. ವಿವರ ನಿಮ್ಮ ಆಡಿಟರ್ ಹೇಳುತ್ತಾರೆ.

ದಿನಕ್ಕೆ ಇಪ್ಪತ್ತು ಐಟಂ

ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವುದರಲ್ಲಿ ಒಂದು ತೊಂದರೆ ಇದೆ. ಮಾರ್ಚ್‌ನಲ್ಲಿ ಏಳು ಕಾಯಿಲ್ ಕಮ್ಮಿ ಅಂತ ಗೊತ್ತಾದರೆ, ಅದು ಕಳೆದ ಏಪ್ರಿಲ್‌ನಲ್ಲಿ ಹೋಯಿತೋ ಮೊನ್ನೆ ಹೋಯಿತೋ ಹೇಗೆ ಹೇಳುತ್ತೀರಿ? ಕಾರಣ ಹುಡುಕುವ ದಾರಿ ಮುಚ್ಚಿಹೋಗಿರುತ್ತದೆ. ಆಗ ಮನಸ್ಸು ಮನುಷ್ಯರ ಮೇಲೆ ಹೋಗುತ್ತದೆ. ನನ್ನದು ಹೋಯಿತಲ್ಲ, ಹಾಗೆ.

ಅದಕ್ಕೆ ದಿನಾ ಸ್ವಲ್ಪ ಎಣಿಸಿ. ನಾನು ಹೀಗೆ ಹಂಚಿದ್ದೇನೆ. ಜಾಸ್ತಿ ದುಡ್ಡು ಕೂತಿರುವ, ಜಾಸ್ತಿ ಓಡಾಡುವ 180 ಐಟಂ: ವೈರ್, ಸಿಪಿವಿಸಿ ಪೈಪ್, ಮೋಟರ್, ವಾಲ್ವ್, ಪೇಂಟ್, ಸಿಮೆಂಟ್, ಕಂಬಿ. ಇವು ತಿಂಗಳಿಗೊಮ್ಮೆ. ನಡುವಿನ 500 ಐಟಂ ಮೂರು ತಿಂಗಳಿಗೊಮ್ಮೆ. ಉಳಿದ 1,720, ವಾಷರ್, ಹುಕ್, ಚಿಲಕದ ಸ್ಕ್ರೂ ಇಂಥವು, ವರ್ಷಕ್ಕೊಮ್ಮೆ. ತಿಂಗಳಿಗೆ ಲೆಕ್ಕ ಹಾಕಿದರೆ 180, 167, 143 ಸೇರಿ 490. 26 ದಿನದ ಕೆಲಸಕ್ಕೆ ಹಂಚಿದರೆ ದಿನಕ್ಕೆ 19. ಇಪ್ಪತ್ತು ಅಂತಿಟ್ಟುಕೊಳ್ಳಿ.

ಸಮಯ ಮಧ್ಯಾಹ್ನ ಎರಡೂವರೆ. ಊಟ ಆಗಿರುತ್ತದೆ, ಗಿರಾಕಿ ಕಮ್ಮಿ. ಮೊದಲು ಬಿಲ್ ಆಗದ ಚೀಟಿಗಳನ್ನೆಲ್ಲ ಎಂಟ್ರಿ ಮಾಡಿ, ಕೆಂಪು ಬುಟ್ಟಿ ಖಾಲಿ ಮಾಡಿ. ಆಮೇಲೆ ಎಣಿಸಿ. ಇದನ್ನು ಬಿಟ್ಟರೆ ಎಣಿಕೆ ಸರಿ ಇದ್ದರೂ ತಾಳೆ ಬರಲ್ಲ. ಎಣಿಸುವವರಿಗೆ ಕಂಪ್ಯೂಟರ್‌ನ ಸಂಖ್ಯೆ ಹೇಳಬೇಡಿ, ಲಾರಿ ಮಾಲಿನ ಹಾಗೇ.

ಸ್ಕ್ರೂ, ನಟ್ಟು, ವಾಷರ್ ಒಂದೊಂದಾಗಿ ಎಣಿಸುವ ಹುಚ್ಚು ಬೇಡ. ನೂರು ಎಣಿಸಿ ತೂಗಿ, ಆಮೇಲೆ ಡಬ್ಬ ಕಳೆದು ಪೂರ್ತಿ ತೂಗಿ ಭಾಗಿಸಿ. ಹತ್ತು ಎಣಿಸಿ ತೂಗಬೇಡಿ, ಚಿಕ್ಕ ತೂಕದಲ್ಲಿ ತಕ್ಕಡಿಯ ತಪ್ಪೇ ದೊಡ್ಡದಾಗುತ್ತದೆ. ಮೊಳೆಯಲ್ಲಿ ನೂರಕ್ಕೆ ಎರಡು ಕೆಜಿ ಹೆಚ್ಚುಕಡಿಮೆ ಆದರೆ ನಾನು ಸರಿ ಅಂತಲೇ ಟಿಕ್ ಹಾಕುತ್ತೇನೆ. ಮೋಟರ್‌ನಲ್ಲಿ ಒಂದೂ ಆಚೀಚೆ ಆಗಬಾರದು.

ವ್ಯತ್ಯಾಸ ಬಂದಾಗ ತಕ್ಷಣ ಕಂಪ್ಯೂಟರ್‌ನ ಸಂಖ್ಯೆ ತಿದ್ದಲು ಕೈ ತುರಿಸುತ್ತದೆ. ತಡೆಯಿರಿ. ಬೇರೆಯವರು ಇನ್ನೊಂದು ಸಲ ಎಣಿಸಲಿ. ಗೋಡೌನ್‌ನಲ್ಲಿ ಅದೇ ಮಾಲು ಇದೆಯಾ ನೋಡಿ. ಎರಡು ಕಡೆ ಇಟ್ಟ ಮಾಲು ಬಹಳ ಸಲ ಹೀಗೇ ಕಾಣೆಯಾಗುತ್ತದೆ. ಆಮೇಲೆ ಅದರ ಅಣ್ಣತಮ್ಮಂದಿರನ್ನು ಎಣಿಸಿ. ಅರ್ಧ ಇಂಚಿನ ಎಲ್ಬೋ 30 ಕಮ್ಮಿ ಇದ್ದರೆ ಮುಕ್ಕಾಲು ಇಂಚಿನದು 30 ಹೆಚ್ಚು ಇರಬಹುದು. ಬಿಲ್ ಹಾಕುವಾಗ ಒಂದು ಸಾಲು ಕೆಳಗೆ ಒತ್ತಿರುತ್ತಾರೆ. ಇದೆಲ್ಲ ಆದ ಮೇಲೆ ತಿದ್ದಿ, ಪಕ್ಕದಲ್ಲಿ ಕಾರಣ ಬರೆಯಿರಿ. ನನ್ನ ಹತ್ತಿರ ಅದಕ್ಕೇ ಒಂದು ನೂರು ಪುಟದ ನೋಟ್‌ಬುಕ್ ಇದೆ. ತಾರೀಕು, ಐಟಂ, ಎಷ್ಟು, ಯಾಕೆ. "ಗೊತ್ತಿಲ್ಲ" ಅಂತ ಬರೆಯಲೂ ಜಾಗ ಇದೆ. ಆರು ತಿಂಗಳು ಬರೆದ ಮೇಲೆ ತಿರುವಿ ನೋಡಿದೆ. ಅಳತೆ, ಹೆಸರು, ವಾಪಸ್ ಮಾಲು ಈ ಮೂರೇ ಮತ್ತೆ ಮತ್ತೆ. ಕಳ್ಳತನ ಅಂತ ಖಚಿತವಾಗಿ ಬರೆದದ್ದು ಎರಡೇ ಸಲ. ಎರಡರಲ್ಲೂ ಕದ್ದದ್ದು ಗಿರಾಕಿಗಳು, ಹುಡುಗರಲ್ಲ.

ಎಷ್ಟು ಸುಧಾರಿಸಿದೆ ಅಂತ ಅಳೆಯಲು ರೂಪಾಯಿ ನೋಡಬೇಡಿ. ಮೇಲಿನ ಎಲ್ಬೋಗಳ ಹಾಗೆ ಹೆಚ್ಚು ಕಮ್ಮಿ ಕಳೆದು ರೂಪಾಯಿಯಲ್ಲಿ ಸೊನ್ನೆಗೆ ಹತ್ತಿರ ಬಂದುಬಿಡಬಹುದು, ಆದರೆ ಎರಡು ಐಟಂ ತಪ್ಪೇ. ಎಣಿಸಿದ ನೂರು ಐಟಂನಲ್ಲಿ ಎಷ್ಟು ಸರಿ ಬಂದವು ಅಂತ ನೋಡಿ. ನಮ್ಮ ಮೊದಲ ತಿಂಗಳು 61. ನನಗೆ ನಾಚಿಕೆ ಆಯಿತು. ಈಗ 94, 95ರ ಹತ್ತಿರ ನಿಂತಿದೆ. ಕೊಬ್ಬರಿಗೆ ಒಳ್ಳೆಯ ರೇಟ್ ಬಂದ ತಿಂಗಳು 90ಕ್ಕೆ ಇಳಿಯುತ್ತದೆ. ಆಗ ಎಲ್ಲರೂ ಮನೆ ಕಟ್ಟುತ್ತಾರೆ, ನಮಗೆ ಚೀಟಿ ಬರೆಯಲು ಪುರಸೊತ್ತಿರಲ್ಲ.

ಲೆಕ್ಕ ಸರಿ ಬಂದ ಮೇಲೆ

ಸ್ಟಾಕ್ ನಂಬುವ ಹಾಗಾದ ಮೇಲೆ ಆರ್ಡರ್ ಕೊಡುವುದು ಸುಲಭ. ಒಂದಿಂಚಿನ ಬಾಲ್ ವಾಲ್ವ್ ದಿನಕ್ಕೆ 4 ಹೋಗುತ್ತದೆ, ಮಾಲು ಬರಲು 5 ದಿನ ಬೇಕು. ಅಷ್ಟಕ್ಕೆ 20. ಲಾರಿ ತಡವಾದರೆ ಅಂತ ಇನ್ನು 10. ಸ್ಟಾಕ್ 30ಕ್ಕೆ ಇಳಿದಾಗ ಆರ್ಡರ್. ಕಂಪ್ಯೂಟರ್ ತಪ್ಪು ಹೇಳುತ್ತಿದ್ದಾಗ ಇದೇ ಲೆಕ್ಕ ಹಾಕಿ ಏನೂ ಪ್ರಯೋಜನ ಇರಲಿಲ್ಲ.

ಸಿಮೆಂಟಿನಲ್ಲಿ ಎಣಿಕೆಯ ಜೊತೆ ವಯಸ್ಸೂ ನೋಡಬೇಕು. ಚೀಲದ ಮೇಲೆ ತಯಾರಾದ ವಾರ, ವರ್ಷ ಇರುತ್ತದೆ. ಮೂರು ತಿಂಗಳು ದಾಟಿದ್ದನ್ನು ಗಿರಾಕಿಗೆ ಕೊಡಬಾರದು. ಮಳೆಗಾಲದಲ್ಲಿ ಅದಕ್ಕಿಂತ ಬೇಗ ಗಂಟುಕಟ್ಟುತ್ತದೆ. ಹಮಾಲಿಗಳು ಹೊಸ ಲೋಡನ್ನು ಹಳೆಯದರ ಮುಂದೆ ಪೇರಿಸಿ ಹೋಗುತ್ತಾರೆ, ಅವರಿಗೆ ಅದು ಹತ್ತಿರ. ನಾವು ನೆಲದ ಮೇಲೆ ಎರಡು ಚೌಕ ಬಣ್ಣ ಹೊಡೆದಿದ್ದೇವೆ. ಒಂದು ಖಾಲಿ ಆಗದೆ ಇನ್ನೊಂದರಿಂದ ತೆಗೆಯುವ ಹಾಗಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟ್ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ, ಹಿಂದಿನ ರಾತ್ರಿ ಎಷ್ಟು ಚೀಲ ಇದೆ ಅಂತ ಎಣಿಸಿದ್ದು ಹತ್ತೇ ನಿಮಿಷದಲ್ಲಿ. ಪುಸ್ತಕದಲ್ಲೂ ಅಷ್ಟೇ ಇತ್ತು.

ಇನ್ನೂ ದಾರಿ ಸಿಗದಿರುವುದು ಒಂದಿದೆ, ತುಂಡು ಪೈಪ್. 20 ಅಡಿ ಪೈಪಿನಲ್ಲಿ ಗಿರಾಕಿಗೆ 13 ಅಡಿ ಕೊಟ್ಟರೆ 7 ಅಡಿ ಉಳಿಯುತ್ತದೆ. ಅದರಲ್ಲಿ ಇನ್ನೊಬ್ಬರಿಗೆ 5 ಕೊಟ್ಟರೆ 2. ಕಂಪ್ಯೂಟರ್‌ಗೆ 13, 5, 2 ಸೇರಿದರೆ 20. ಆದರೆ ಆ 2 ಅಡಿ ಯಾರಿಗೂ ಬೇಡ. ಈಗ ಮೂರು ಅಡಿಗಿಂತ ಚಿಕ್ಕದನ್ನು ಶನಿವಾರ ಒಟ್ಟು ಅಳೆದು "ತುಂಡು" ಅಂತ ಬರೆದು ಸ್ಟಾಕಿನಿಂದ ತೆಗೆಯುತ್ತೇವೆ. ಉದ್ದ ಇರುವವಕ್ಕೆ ಮಾರ್ಕರ್‌ನಲ್ಲಿ ಅಡಿ ಬರೆದು ಬೇರೆ ಮೂಲೆಯಲ್ಲಿ ನಿಲ್ಲಿಸುತ್ತೇವೆ. ಮಾವನವರೇ ಟೇಪು ಹಿಡಿದು ಕೂರುತ್ತಾರೆ. ಬರೆದ ಮೇಲೂ ಎರಡಡಿ ತುಂಡುಗಳನ್ನು ಎಸೆಯಲು ಬಿಡಲ್ಲ, ಗೋಡೌನ್ ಹಿಂದೆ ಒಟ್ಟಿದ್ದಾರೆ. ಅವರೆಕಾಯಿ ಬಳ್ಳಿಗೆ ಊರುಗೋಲು ಆಗುತ್ತಂತೆ.